ಅಳೆದು ಕಟ್ಟಿದ ಕಾರು

ಬೊಂಬೆಗೂ ಮಾದರಿಗೂ ಇರುವ ವ್ಯತ್ಯಾಸವನ್ನು ತಿಳಿಯಬೇಕಾದವರು ನವರಾತ್ರಿಯ ದಿನಗಳಲ್ಲಿ ಜಯನಗರದ ಯಾವುದಾದರೂ ಹಳೆಯ ಮನೆಯ ನಡುಮನೆಗೆ ಹೋಗಿ ನಿಲ್ಲಬೇಕು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಬೊಂಬೆಗಳು; ಅವುಗಳ ಕೆಳಗೆ ದೇವಾನುದೇವತೆಗಳು; ಇನ್ನೂ ಕೆಳಗೆ ದವಸದ ಅಂಗಡಿ ಹೂಡಿಕೊಂಡು ಕುಳಿತ ಶೆಟ್ಟಿ ಶೆಟ್ಟಮ್ಮ. ನೆಲದ ಮೇಲೆ ರಾಗಿಯ ಪೈರು ಬರಿಸಿ ಮಾಡಿದ ಉದ್ಯಾನ, ಅದರ ನಡುವೆ ಮರಳಿನ ರಸ್ತೆ, ರಸ್ತೆಯ ಮೇಲೆ ನಾಲ್ಕಾರು ಕಾರುಗಳು. ಶೆಟ್ಟಿಯವರು ಅಂಗಡಿ ಮುಚ್ಚಿ ಕಾರು ಹತ್ತಿ ಮನೆಗೆ ಹೋಗಬೇಕೆಂದರೆ, ಅವರ ಹೊಟ್ಟೆಯ ಮಾತು ಹಾಗಿರಲಿ, ಒಂದು ಪಾದವೂ ಆ ಕಾರಿನಲ್ಲಿ ಹಿಡಿಸದು. ಆದರೂ ಇದನ್ನು ತಪ್ಪೆಂದವರು ಯಾರೂ ಇಲ್ಲ. ಬೊಂಬೆಗೆ ಭಾವ ಸಾಕು, ಅಳತೆ ಬೇಡ.

ಮಾದರಿಯ ಧರ್ಮ ಬೇರೆ. ಅದು ಅಳತೆಯಿಂದಲೇ ಬದುಕುತ್ತದೆ. ನಿಜವಾದ ಕಾರಿನ ಒಂದು ಅಡಿಯನ್ನು ಅರ್ಧ ಅಂಗುಲಕ್ಕೆ ಇಳಿಸಿದರೆ ಅದು 24ರಲ್ಲಿ 1 ಪ್ರಮಾಣ. ಒಂದು ಅಂಗುಲಕ್ಕೆ ಇಳಿಸಿದರೆ 12ರಲ್ಲಿ 1. ಒಂದೂವರೆ ಅಂಗುಲವಾದರೆ 8ರಲ್ಲಿ 1. ಈ ಪ್ರಮಾಣ ಒಮ್ಮೆ ನಿಶ್ಚಯವಾದ ಮೇಲೆ ಚಕ್ರ, ಬಾಗಿಲು, ಕನ್ನಡಿ, ಚುಕ್ಕಾಣಿ ಎಲ್ಲವೂ ಅದಕ್ಕೆ ತಲೆಬಾಗಬೇಕು. ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುವ ನೂರಾರು ಪ್ಲಾಸ್ಟಿಕ್ ತುಂಡುಗಳನ್ನು ಉಜ್ಜಿ, ಬಣ್ಣ ಕೊಟ್ಟು, ಅಂಟಿಸಿ ಇಂಥ ಕಾರನ್ನು ಕಟ್ಟುವ ಹವ್ಯಾಸಕ್ಕೆ ಬಿದ್ದವರಲ್ಲಿ ನಾನೂ ಒಬ್ಬ. “ಈ ವಯಸ್ಸಿನಲ್ಲಿ ಆಟದ ಸಾಮಾನೇ?” ಎಂದು ಕೇಳುವ ನೆಂಟರಿಗೆ ನಾನು ಕೊಡುವ ಉತ್ತರ ಸ್ವಲ್ಪ ಉದ್ದವಾದದ್ದು. ಈ ಹವ್ಯಾಸದ ಚರಿತ್ರೆಯನ್ನು ನೋಡಿದರೆ ಅದು ಹುಟ್ಟಿದ್ದು ಆಟದ ಅಂಗಳದಲ್ಲಲ್ಲ, ಕಾರ್ಖಾನೆಯ ಹೊಸ್ತಿಲಲ್ಲಿ.

1930ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಫಿಶರ್ ಬಾಡಿ ವಿಭಾಗದವರು ಹುಡುಗರಿಗಾಗಿ ಒಂದು ಸ್ಪರ್ಧೆಯನ್ನು ಆರಂಭಿಸಿದರು. ತಮ್ಮ ಲಾಂಛನವಾಗಿದ್ದ ನೆಪೋಲಿಯನ್ ಕಾಲದ ಸಾರೋಟನ್ನು ನಕ್ಷೆ ನೋಡಿ ಚಿಕ್ಕದಾಗಿ ಕಟ್ಟಿ ಕಳುಹಿಸಬೇಕು. ಗೆದ್ದವರಿಗೆ ಕಾಲೇಜಿನ ವಿದ್ಯಾರ್ಥಿವೇತನ. ಕೆಲವು ವರ್ಷಗಳ ಮೇಲೆ ಸಾರೋಟಿನ ಜೊತೆಗೆ ತಾವೇ ಕಲ್ಪಿಸಿದ ಕಾರಿನ ಮಾದರಿಗೂ ಅವಕಾಶವಾಯಿತು. 1968ರವರೆಗೆ ನಡೆದ ಈ ಸ್ಪರ್ಧೆಯಲ್ಲಿ 1947ರಲ್ಲಿ ಗೆದ್ದ ಚಕ್ ಜೋರ್ಡನ್ ಎಂಬ ಹುಡುಗ ಮುಂದೆ ಅದೇ ಜನರಲ್ ಮೋಟಾರ್ಸಿನ ವಿನ್ಯಾಸ ವಿಭಾಗದ ಮುಖ್ಯಸ್ಥನಾದ. ಮಾದರಿ ಕಟ್ಟುವುದು ಮೋಟಾರು ವಿದ್ಯೆಯ ಓನಾಮವೆಂದು ಆ ಕಂಪನಿ ತಿಳಿದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ವ್ಯಾಪಾರಿಗಳೂ ಹಿಂದೆ ಬೀಳಲಿಲ್ಲ. 1948ರಲ್ಲಿ ಸ್ಥಾಪಿತವಾದ ಅಮೆರಿಕದ ಎ.ಎಂ.ಟಿ. ಕಂಪನಿ ಮೊದಲು ಮಾಡಿದ್ದು ಕಾರು ಮಾರುವ ಮಳಿಗೆಗಳಲ್ಲಿ ಗಿರಾಕಿಗಳಿಗೆ ತೋರಿಸುವ ಚಿಕ್ಕ ಕಾರುಗಳನ್ನು. ಹತ್ತು ವರ್ಷಗಳ ತರುವಾಯ, 1958ರಲ್ಲಿ, ಅಂಥವನ್ನೇ ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿಟ್ಟು ಹುಡುಗರಿಗೆ ಮಾರತೊಡಗಿತು. ಇಂಗ್ಲೆಂಡಿನಲ್ಲಿ ಏರ್‌ಫಿಕ್ಸ್ ಕಂಪನಿ 1949ರಲ್ಲಿ ಫರ್ಗುಸನ್ ಟ್ರಾಕ್ಟರಿನ ಮಾರಾಟಗಾರರಿಗಾಗಿ ಒಂದು ಪುಟ್ಟ ಟ್ರಾಕ್ಟರನ್ನು ಮಾಡಿಕೊಟ್ಟಿತು. ಅದನ್ನು ಬಿಡಿಭಾಗಗಳಾಗಿ ಮಾರಿದಾಗ ಆ ಕಂಪನಿಯ ಮೊದಲ ಕಿಟ್ ಆಯಿತು. ವ್ಯಾಪಾರಿಯ ಕೈಚೀಲದಲ್ಲಿದ್ದ ಮಾದರಿ ಹುಡುಗನ ಮೇಜಿನ ಮೇಲೆ ಬಂದು ಕುಳಿತದ್ದು ಹೀಗೆ.

ದೊಡ್ಡ ಪ್ರಮಾಣದ ಕಾರುಗಳ ಕಾಲ ಬಂದದ್ದು 1960ರ ದಶಕದಲ್ಲಿ. ಇಟಲಿಯ ಪೋಕರ್ ಕಂಪನಿ 8ರಲ್ಲಿ 1 ಪ್ರಮಾಣದ ಕಿಟ್‌ಗಳನ್ನು ಹೊರತಂದಿತು. ಅದರ ರೋಲ್ಸ್‌ರಾಯ್ಸ್ ಕಿಟ್ಟಿನ ಬಿಡಿಭಾಗಗಳು ಎರಡು ಸಾವಿರಕ್ಕೂ ಹೆಚ್ಚು. ಜಪಾನಿನ ತಮಿಯಾ ಕಂಪನಿ 1967ರಲ್ಲಿ ಹೋಂಡಾ ರೇಸಿಂಗ್ ಕಾರನ್ನು 12ರಲ್ಲಿ 1 ಪ್ರಮಾಣದಲ್ಲಿ ತಂದಿತು. ಇದೇ ಕಂಪನಿಯ ಒಂದು ಕಥೆ ಹವ್ಯಾಸಿಗಳಲ್ಲಿ ಪ್ರಸಿದ್ಧ. ಪೋರ್ಷೆ 934 ಕಾರಿನ ಕಿಟ್ ಮಾಡಬೇಕೆಂದು ಹೊರಟ ಶುನ್‌ಸಾಕು ತಮಿಯಾ ಅವರು ನಿಜವಾದ ಒಂದು ಪೋರ್ಷೆಯನ್ನೇ ಕೊಂಡು, ಬಿಚ್ಚಿ, ಒಂದೊಂದು ಭಾಗವನ್ನೂ ನೋಡಿ ಅಳೆಸಿದರು. ಬಿಚ್ಚಿದ್ದನ್ನು ಮತ್ತೆ ಜೋಡಿಸಲು ಪೋರ್ಷೆಯ ಕೆಲಸ ಬಲ್ಲವರನ್ನೇ ಕರೆಸಬೇಕಾಯಿತಂತೆ! 1976ರಲ್ಲಿ ಕಿಟ್ ಬಂತು. ಈ ಹವ್ಯಾಸದ ತಿರುಳೆಲ್ಲ ಈ ಕಥೆಯಲ್ಲಿದೆಯೆಂದು ನನ್ನ ಭಾವನೆ. ನನ್ನ ಮೇಜಿನ ಮೇಲೆ ನಾನು ಕಾರು ಕಟ್ಟುವುದಕ್ಕೆ ಮೊದಲು ಇನ್ನಾರೋ ನಿಜವಾದ ಕಾರನ್ನು ಶ್ರದ್ಧೆಯಿಂದ ಅಳೆದಿರಬೇಕು.

ತಮಿಯಾ ಕಂಪನಿಯ ಊರು ಶಿಜುವೊಕ. ಅದು ಹಿಂದಿನಿಂದಲೂ ಮರಗೆಲಸಕ್ಕೆ ಹೆಸರಾದ ಊರು. ಕಂಪನಿ 1946ರಲ್ಲಿ ಆರಂಭವಾದಾಗ ಅದರ ಕಸುಬು ಮರದ ವ್ಯಾಪಾರ; ಮೊದಲು ಮಾಡಿದ ಮಾದರಿಗಳೂ ಮರದವೇ. ಇದನ್ನು ಓದುವಾಗಲೆಲ್ಲ ನನಗೆ ನಮ್ಮ ಚನ್ನಪಟ್ಟಣದ ನೆನಪಾಗುತ್ತದೆ. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 60 ಕಿಲೋಮೀಟರ್ ದೂರದ ಆ ಊರಿನಲ್ಲಿ ಹಾಲೆಮರವನ್ನು ಕಡೆದು, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಕಾವಿನಿಂದಲೇ ಬಣ್ಣ ಹಿಡಿಸುವ ವಿದ್ಯೆ ತಲೆಮಾರುಗಳಿಂದ ಬಂದಿದೆ. ಟಿಪ್ಪುವಿನ ಕಾಲದಲ್ಲಿ ಪರ್ಷಿಯದ ಕುಶಲಕರ್ಮಿಗಳಿಂದ ಬಂದ ವಿದ್ಯೆಯೆಂಬುದು ಪ್ರತೀತಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಅವರು ಜಪಾನಿನ ಅರಗಿನ ಕೆಲಸದ ಕ್ರಮಗಳನ್ನು ತಂದು ಅದಕ್ಕೆ ಹೊಸ ಜೀವ ಕೊಟ್ಟರೆಂದು ಹೆಸರಾಗಿದ್ದಾರೆ. ಚನ್ನಪಟ್ಟಣದಲ್ಲಿ ಕಾರುಗಳೂ ಆಗುತ್ತವೆ. ಬಲು ಅಂದವಾದ ಕಾರುಗಳು. ಆದರೆ ಚರಕಿ ಬಲ್ಲದ್ದು ದುಂಡಗಿನ ರೂಪವನ್ನು. ಆದ್ದರಿಂದ ಆ ಕಾರು ಎಲ್ಲ ಕಾರುಗಳ ಸಾರವೇ ಹೊರತು ಯಾವುದೊಂದು ಕಾರಿನ ಪ್ರತಿರೂಪವಲ್ಲ. ಪ್ರತಿರೂಪಕ್ಕೆ ಉಕ್ಕಿನ ಅಚ್ಚು ಬೇಕು. ಅಚ್ಚಿಗೆ ಯಂತ್ರೋಪಕರಣ ಬೇಕು. ಅದಕ್ಕೂ ಮೊದಲು, ಅಳೆಯಲು ಒಂದು ಕಾರು ಬೇಕು.

ಯಂತ್ರೋಪಕರಣಗಳ ಕೊರತೆ ಬೆಂಗಳೂರಿಗೆ ಇರಲಿಲ್ಲ. ಸ್ವಾತಂತ್ರ್ಯಾನಂತರ, 1953ರಲ್ಲಿ, ಎಚ್.ಎಂ.ಟಿ. ಸ್ಥಾಪಿತವಾದದ್ದು ಇಲ್ಲಿಯೇ. ಕೊರತೆಯಾಗಿದ್ದುದು ಕಾರು. ಅದೂ ನಮ್ಮ ಹಿರಿಯರ ಆಲಸ್ಯದಿಂದಲ್ಲ. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯೂರೋಪು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಕಂಡು ಬಂದು, 1936ರ ಹೊತ್ತಿಗೆ ಭಾರತದಲ್ಲಿ ಕಾರು ತಯಾರಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅದನ್ನು ಕೈಗೆತ್ತಿಕೊಂಡು ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಮಾತುಕತೆ ನಡೆಸಿದರು. ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಕಾರ್ಖಾನೆಗೆ ನೆರವು ನೀಡಲು ಮುಂದಾಯಿತು. ಯುದ್ಧಕಾಲದ ಬ್ರಿಟಿಷ್ ಭಾರತ ಸರ್ಕಾರ ಇದಕ್ಕೆ ಒಪ್ಪಿಗೆ ಕೊಡಲಿಲ್ಲ. ಸಂಸ್ಥಾನ ಹಿಂದೆ ಸರಿಯಬೇಕಾಯಿತು. ಅದೇ ವಾಲ್‌ಚಂದರು 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರೆಂಬುದು ಚರಿತ್ರೆಯ ವಿನೋದ. ವಿಮಾನಕ್ಕೆ ಒಪ್ಪಿಗೆ ಸಿಕ್ಕಿತು, ಕಾರಿಗೆ ಸಿಗಲಿಲ್ಲ!

ಕಾರಿನ ಕನಸು ಬೊಂಬಾಯಿಗೆ ಹೋಯಿತು. 1944ರಲ್ಲಿ ಅಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿತವಾಯಿತು. ಮೊದಲು ಕ್ರೈಸ್ಲರ್ ಬಳಗದ ಕಾರುಗಳು, 1950ರ ದಶಕದಿಂದ ಫಿಯಟ್; 1974ರಲ್ಲಿ ಆ ಫಿಯಟ್ಟಿಗೆ ಪದ್ಮಿನಿ ಎಂಬ ನಾಮಕರಣ. ಬೆಂಗಳೂರಿನಲ್ಲಿ ಹುಟ್ಟಬೇಕಾಗಿದ್ದ ವಂಶದ ಕೂಸು ಪದ್ಮಿನಿಯೆಂದರೆ ಅತಿಶಯವಾಗಲಾರದು. ಜಯನಗರ, ಬನಶಂಕರಿ ಬಡಾವಣೆಗಳಲ್ಲಿ ಸೈಟು ಕೊಂಡು ಮನೆ ಕಟ್ಟಿದ ವೈದ್ಯರು, ವಕೀಲರು, ಇಂಜಿನಿಯರುಗಳು ಮನೆಯ ಪಕ್ಕದಲ್ಲಿ ಕಾರಿನ ಷೆಡ್ಡು ಕಟ್ಟಿಸಿ ತುಂಬಿಸಿಕೊಂಡದ್ದು ಇದೊಂದನ್ನು, ಇಲ್ಲವೆ ಅಂಬಾಸಡರನ್ನು.

ಎರಡೂ ಹೊರದೇಶದ ಹಳೆಯ ಕಾರುಗಳ ಅಚ್ಚಿನಿಂದ ಬಂದವು. ಅಂಬಾಸಡರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ದೊಡ್ಡ ಕಾರು ಹೇಗೋ ಸಣ್ಣ ಕಾರೂ ಹಾಗೆಯೇ ಆಯಿತು. 1960ರ ದಶಕದ ಕೊನೆಯಲ್ಲಿ ಕಲ್ಕತ್ತೆಯಿಂದ ನಿಕಿ ಟಾಯ್ಸ್ ಎಂಬ ಹೆಸರಿನಲ್ಲಿ ಬಂದ ಲೋಹದ ಕಾರುಗಳು ಇಂಗ್ಲೆಂಡಿನ ಡಿಂಕಿ ಕಾರುಗಳ ಹಳೆಯ ಅಚ್ಚಿನಿಂದಲೇ ತೆಗೆದವು. ಕಟ್ಟುವ ಕಿಟ್ ಎಂಬುದಂತೂ ಆಮದು ನಿರ್ಬಂಧದ ಆ ದಿನಗಳಲ್ಲಿ ಹೊರದೇಶಕ್ಕೆ ಹೋಗಿ ಬಂದ ಚಿಕ್ಕಪ್ಪನ ಸೂಟ್‌ಕೇಸಿನಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಪೆಟ್ಟಿಗೆ ಬಂದರೂ ಬಣ್ಣ ಬರುತ್ತಿರಲಿಲ್ಲ. 2001ರ ಏಪ್ರಿಲಿನಲ್ಲಿ ಆಮದಿನ ಪ್ರಮಾಣದ ಮೇಲಿನ ನಿರ್ಬಂಧಗಳು ಹೋದಮೇಲೆ ಅಂಗಡಿಗಳಲ್ಲಿ ಕಿಟ್ ಕಾಣತೊಡಗಿತು. ಆದರೆ ಸುಂಕದ ಪಟ್ಟಿಯಲ್ಲಿ ಮಾದರಿಗೂ ಆಟಿಕೆಗೂ ಒಂದೇ ಶೀರ್ಷಿಕೆ. ದೇಶದ ಆಟಿಕೆಯ ಉದ್ಯಮವನ್ನು ಕಾಪಾಡಲು ಶೇಕಡ 20 ಇದ್ದ ಸುಂಕ 2020ರಲ್ಲಿ 60ಕ್ಕೂ 2023ರಲ್ಲಿ 70ಕ್ಕೂ ಏರಿದಾಗ ನಮ್ಮ ಪೋರ್ಷೆಗಳೂ ಆ ಏರಿಕೆಗೆ ಸಿಕ್ಕಿದವು. ಚನ್ನಪಟ್ಟಣದವರಿಗೆ ಇದರಿಂದ ಕಿಂಚಿತ್ತಾದರೂ ಒಳಿತಾಗಿದ್ದರೆ ನಾನು ಗೊಣಗುವವನಲ್ಲ.

ಇಷ್ಟೆಲ್ಲ ಕೊಟ್ಟು ತಂದ ಕಿಟ್ಟನ್ನು ಕಟ್ಟುವುದೆಂದರೆ ಏನು? ತುಂಡುಗಳೆಲ್ಲ ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಅವನ್ನು ಕತ್ತರಿಸಿ, ಅಂಚನ್ನು ಮರಳು ಕಾಗದದಿಂದ ಉಜ್ಜಬೇಕು. ಅಂಟು ನಿಜವಾಗಿ ಅಂಟಲ್ಲ. ಪ್ಲಾಸ್ಟಿಕ್ಕನ್ನೇ ತುಸು ಕರಗಿಸಿ ಎರಡನ್ನು ಒಂದು ಮಾಡುವ ದ್ರವ. ಬಣ್ಣವನ್ನು ತೆಳುವಾಗಿ ಹಲವು ಸಲ ಕೊಡಬೇಕು. ಮಳೆಗಾಲದ ತೇವದಲ್ಲಿ ಕೊಟ್ಟರೆ ಹೊಳಪು ಹೋಗಿ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಆದ್ದರಿಂದ ಆಷಾಢದಲ್ಲಿ ಇಂಜಿನ್ನು, ಆಸನಗಳ ಕೆಲಸ, ಮೈಬಣ್ಣಕ್ಕೆ ಮಾಘದ ಒಣಬಿಸಿಲು ಎಂದು ನಾನು ಪಂಚಾಂಗ ನೋಡಿಯೇ ನಡೆಯುತ್ತೇನೆ. ಒಂದು ದೊಡ್ಡ ಕಾರಿಗೆ ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಮುಗಿಯುವ ಹೊತ್ತಿಗೆ, ಕಣ್ಣಾರೆ ಕಾಣದ ಒಂದು ಇಟಲಿಯ ಕಾರಿನ ಕರುಳು ನರಗಳೆಲ್ಲ ನನಗೆ ಪರಿಚಿತವಾಗಿರುತ್ತವೆ.

ನಮ್ಮ ಬೀದಿಯ ಪದ್ಮಿನಿಯ ವಿಷಯದಲ್ಲಿ ಮಾತ್ರ ಹಾಗಲ್ಲ. ಬೆರಳಿನಿಂದ ತಳ್ಳುವ ಆಟದ ಪದ್ಮಿನಿ, ಅಂಬಾಸಡರುಗಳು ಸಿಗುತ್ತವೆ. ಆದರೆ ಇಂಜಿನ್ನಿನಿಂದ ಹಿಡಿದು ಒಂದೊಂದು ಭಾಗವನ್ನೂ ಜೋಡಿಸಿ ಕಟ್ಟಬೇಕಾದ ದೊಡ್ಡ ಕಿಟ್ಟನ್ನು ನಾನು ಯಾವ ಅಂಗಡಿಯಲ್ಲಿಯೂ ಕಂಡಿಲ್ಲ. ಅದಕ್ಕಾಗಿ ಹೋದ ವರ್ಷ ಟೇಪು, ರಟ್ಟು, ಪೆನ್ಸಿಲು ಹಿಡಿದುಕೊಂಡು ಪಕ್ಕದ ರಸ್ತೆಯ ಹಿರಿಯರೊಬ್ಬರ ಷೆಡ್ಡಿಗೆ ಹೋದೆ. ಹೊದಿಕೆ ತೆಗೆದರು. ಚಕ್ರದಿಂದ ಚಕ್ರಕ್ಕೆ 2 ಮೀಟರ್ 34 ಸೆಂಟಿಮೀಟರ್. 12ರಲ್ಲಿ 1 ಪ್ರಮಾಣಕ್ಕೆ ಇಳಿಸಿದರೆ ಹತ್ತೊಂಬತ್ತೂವರೆ ಸೆಂಟಿಮೀಟರ್. ಬಾಗಿದ ಚಾವಣಿಯನ್ನು ಟೇಪು ಹಿಡಿಯಲಾರದು. ರಟ್ಟನ್ನು ಮೈಗೆ ಹೊಂದುವಂತೆ ಕತ್ತರಿಸಿ ಅದರ ಓರೆಯನ್ನು ತೆಗೆದುಕೊಳ್ಳಬೇಕು.

ಹಿರಿಯರು ಸ್ವಲ್ಪ ಹೊತ್ತು ನೋಡಿ, “ಏನ್ ಸ್ವಾಮಿ, ಕಾರಿಗೆ ಜುಬ್ಬ ಹೊಲಿಸ್ತೀರಾ?” ಎಂದು ನಕ್ಕರು. ಆಮೇಲೆ ತಾವೇ ಟೇಪಿನ ಇನ್ನೊಂದು ತುದಿಯನ್ನು ಹಿಡಿದುಕೊಂಡರು. ಬಾಗಿಲಿನ ಅಗಲ ಬರೆದುಕೊಳ್ಳುತ್ತಿದ್ದಾಗ ಮೆಲ್ಲಗೆ ಹೇಳಿದರು: “ಮಕ್ಕಳು ಗುಜರಿಗೆ ಕೊಡೋದು ಅಂತ ಹೇಳ್ಬಿಟ್ಟಿದಾರೆ. ಷೆಡ್ಡಿನ ಜಾಗ ಅವರಿಗೆ ಬೇಕಂತೆ. ನಿಮ್ಮದು ಬೇಗ ಮುಗಿಸ್ಕೊಳ್ಳಿ.” ಎರಡು ಭಾನುವಾರಗಳಲ್ಲಿ ಮುಗಿಸಿದೆ. ಈಗ ಆ ಷೆಡ್ಡಿನಲ್ಲಿ ಪದ್ಮಿನಿ ಇಲ್ಲ. ಅದರ ಅಳತೆಯ 16 ಹಾಳೆಗಳು ನನ್ನಲ್ಲಿವೆ. ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿದ ಅದರ ಮೈ ಮೇಜಿನ ಮೇಲೆ ಅರ್ಧ ಎದ್ದು ನಿಂತಿದೆ.

ಪದ್ಮಿನಿಯ ತಯಾರಿಕೆ 2000ದ ಸುಮಾರಿಗೆ ನಿಂತಿತು, ಅಂಬಾಸಡರಿನದು 2014ರಲ್ಲಿ. ವಿಶ್ವೇಶ್ವರಯ್ಯನವರ ಯೋಜನೆಯಾಗಿ ಆರು ದಶಕ ಕಳೆದ ಮೇಲೆ ಬೆಂಗಳೂರಿನ ಕಾರಿನ ಆಸೆ ಕೈಗೂಡಿತಷ್ಟೆ: ಚನ್ನಪಟ್ಟಣದ ದಾರಿಯಲ್ಲೇ ಇರುವ ಬಿಡದಿಯಲ್ಲಿ ಟೊಯೊಟ ಕಾರ್ಖಾನೆ ಬಂತು, 2001ರಲ್ಲಿ ಇಲ್ಲಿಯೇ ತಯಾರಾದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ರಸ್ತೆಗಿಳಿಯಿತು. ಆ ರೇವಾ ಕೂಡ ಈಗ ತಯಾರಾಗುತ್ತಿಲ್ಲ. ನಮ್ಮ ಊರಿನದೇ ಕಾರು ನಮ್ಮ ಕಣ್ಣೆದುರಿಗೇ ಹಳೆಯದಾಗುತ್ತಿದೆ. ಅದನ್ನು ಅಳೆಯಲು ಶಿಜುವೊಕದಿಂದ ಯಾರೂ ಬರುವುದಿಲ್ಲ.

ಫೋಟೋಗಳು ಉಂಟಲ್ಲ ಎನ್ನುವವರಿದ್ದಾರೆ. ಫೋಟೋದಲ್ಲಿ ಮುಖ ಉಳಿಯುತ್ತದೆ, ಮೈ ಉಳಿಯುವುದಿಲ್ಲ. ಐದು ಜನರ ಸಂಸಾರ, ಎರಡು ಹೋಲ್ಡಾಲು, ಒಂದು ಕೂಜಾ ಸಹಿತ ತಿರುಪತಿಗೆ ಹೋಗಿ ಬಂದ ಆ ಹಿಂದಿನ ಸೀಟು ಎಷ್ಟು ಅಗಲವಿತ್ತೆಂದು ಮೊಮ್ಮಗ ಕೇಳಿದರೆ ಫೋಟೋ ಉತ್ತರ ಹೇಳುವುದಿಲ್ಲ. ಓದುಗರಲ್ಲಿ ಯಾರ ಷೆಡ್ಡಿನಲ್ಲಾದರೂ ಹೊದಿಕೆ ಹೊದ್ದ ಹಳೆಯ ಕಾರೊಂದು ನಿಂತಿದ್ದರೆ, ಗುಜರಿಯವನಿಗೆ ಹೇಳಿಕಳುಹಿಸುವ ಮುನ್ನ ಟೇಪು ಹಿಡಿದ ಒಬ್ಬನಿಗೆ ಒಂದು ಬೆಳಗ್ಗೆಯ ಅವಕಾಶ ಕೊಡಿ ಎಂದಷ್ಟೇ ನನ್ನ ಕೋರಿಕೆ. ಕಾಫಿಯ ಉಪಚಾರ ಬೇಡ. ಟೇಪಿನ ಇನ್ನೊಂದು ತುದಿಯನ್ನು ಹಿಡಿದುಕೊಂಡರೆ ಸಾಕು.