ನೀರು ಬದಲಾದ ಎಳೆಮೀನು: ಮತ್ಸ್ಯಸ್ಥಳಾಂತರದ ಇತಿಹಾಸದಲ್ಲಿ ಒಂದು ವಿಚಾರ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಮೂಡಲಿಗೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವುದು. ಅದೇ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿಯು ಪಡುವಲಿಗೆ ಇಳಿದು ಗೋವೆಯ ಮಾರ್ಗವಾಗಿ ಕಡಲನ್ನು ಸೇರುವುದು. ಮನುಷ್ಯನಿಗೆ ಕೆಲವು ಗಾವುದಗಳ ಅಂತರವೆನಿಸುವುದು ಮೀನಿಗೆ ದೇಶಾಂತರವೇ ಸರಿ. ಮಲೆಯ ಜಂಬುಮಣ್ಣಿನ ಮೇಲೆ ಹರಿಯುವ ನೀರು ಸಾಮಾನ್ಯವಾಗಿ ಮೆದುವಾದುದು. ಬೆಳಗಾವಿಯ ಮೂಡಣ ಎರೆಭೂಮಿಯ ಬಾವಿಗಳ ನೀರು ಗಡುಸಾದುದು. ನಗರದ ಗಾಜಿನ ತೊಟ್ಟಿಗಳಲ್ಲಿ ತಂದುಬಿಟ್ಟ ಎಳೆಮೀನುಗಳು ಕೆಲವೇ ದಿನಗಳಲ್ಲಿ ಸತ್ತಾಗ, ಅವು ಸ್ವಭಾವತಃ ದುರ್ಬಲವಾದುವೆಂದು ಹೇಳುವುದು ವಾಡಿಕೆ. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸಬಹುದು.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ. ಶ. 1129ರ ಸುಮಾರಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವುಂಟು. ಅದರಲ್ಲಿ ಸಮುದ್ರದ ಮೀನುಗಳನ್ನೂ ಸಿಹಿನೀರಿನ ಮೀನುಗಳನ್ನೂ ವಿಂಗಡಿಸಿ, ಅವುಗಳಿಗೆ ಹಾಕತಕ್ಕ ಆಹಾರವನ್ನು ಹೇಳಲಾಗಿದೆ. ಆದರೆ ಗಾಳದ ಬೇಟೆಯೇ ಅದರ ಉದ್ದೇಶವಾದುದರಿಂದ, ಮೀನು ತನ್ನ ನೀರಿನಲ್ಲಿಯೇ ಉಳಿಯುವುದು. ನೀರು ಬದಲಾಗುವ ಪ್ರಶ್ನೆಯು ಅಲ್ಲಿ ಏಳುವುದಿಲ್ಲ.

ಆ ಪ್ರಶ್ನೆಯನ್ನು ಶಾಸ್ತ್ರಜ್ಞರಿಗಿಂತ ಮೊದಲು ಎದುರಿಸಿದವರು ಮೀನುಮರಿಗಳನ್ನು ಮಾರುವವರು. ಬಂಗಾಳದ ವ್ಯಾಪಾರಿಗಳು ಮರಿಗಳನ್ನು ಮಣ್ಣಿನ ಹಂಡೆಗಳಲ್ಲಿ ಒಯ್ಯುವಾಗ ನೀರನ್ನು ಕೈಯಿಂದ ಕಲಕುತ್ತ, ಅದಕ್ಕೆ ಕೆಮ್ಮಣ್ಣನ್ನು ಬೆರೆಸುತ್ತಿದ್ದರು. ಕಲಕುವುದರಿಂದ ಗಾಳಿ ಸೇರುವುದು. ಮಣ್ಣು ಮಲಿನವಸ್ತುಗಳನ್ನು ಕೂಡಿಸಿ ತಳಕ್ಕಿಳಿಸುವುದು. ಸುಟ್ಟ ಮಡಕೆಯ ಹೊರಮೈಯಿಂದ ಆರುವ ತೇವವು ನೀರನ್ನು ತಂಪಾಗಿಡುವುದು. ಕುಂಬಾರಿಕೆಗೆ ಹೆಸರಾದ ಖಾನಾಪುರದ ಜನರಿಗೆ ಈ ಕೊನೆಯ ಗುಣವನ್ನು ವಿವರಿಸಬೇಕಾಗಿಲ್ಲ.

ವಿದೇಶದ ಮೀನುಗಳನ್ನು ತಂದು ನೆಲೆಗೊಳಿಸುವ ಯತ್ನಗಳು ಹತ್ತೊಂಬತ್ತನೆಯ ಶತಮಾನದಲ್ಲಿ ನಡೆದುವು. 1863ರಲ್ಲಿ ಡಾಕ್ಟರ್ ಫ್ರಾನ್ಸಿಸ್ ಡೇ ಎಂಬವರು ನೀಲಗಿರಿಗೆ ಟ್ರೌಟ್ ಮೀನನ್ನು ತರಲು ಯತ್ನಿಸಿ ವಿಫಲರಾದರು. ಶೀತೋದಕದಲ್ಲಿ ಬೆಳೆಯುವ ಆ ಜಾತಿಗೆ ಉಷ್ಣದೇಶದ ಪ್ರಯಾಣವೇ ಕಠಿಣ ಪರೀಕ್ಷೆ; ಆ ಬೆಟ್ಟಗಳಲ್ಲಿ ಅದು ನೆಲೆಗೊಂಡುದು ಇಪ್ಪತ್ತನೆಯ ಶತಮಾನದ ಆದಿಯಲ್ಲಿ. ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದ ಎಚ್. ಎಸ್. ಥಾಮಸ್ ಅವರಾದರೋ, ನಮ್ಮ ಹೊಳೆಗಳ ಮೀನುಮರಿಗಳೇ ನಾಶವಾಗುತ್ತಿರುವುದರ ಕಡೆಗೆ ಸರಕಾರದ ಗಮನವನ್ನು ಸೆಳೆದರು. ನೀರಿಗೆ ವಿಷವಿಕ್ಕುವುದನ್ನೂ ಸಿಡಿಮದ್ದು ಹಾಕುವುದನ್ನೂ 1897ರ ಮೀನುಗಾರಿಕೆ ಶಾಸನವು ನಿಷೇಧಿಸಿತು.

ಮಲೇರಿಯಾ ನಿವಾರಣೆಗಾಗಿ 1928ರಲ್ಲಿ ಇಟಲಿಯಿಂದ ಬೆಂಗಳೂರಿಗೆ ತಂದ ಗಾಂಬೂಸಿಯಾ ಮೀನಿನ ಕಥೆ ಇದಕ್ಕೆ ವಿಪರೀತವಾದುದು. ಮರಿಹಾಕುವ ಈ ಸಣ್ಣ ಮೀನು ಬಿಸಿಲನ್ನೂ ಕೆಟ್ಟ ನೀರನ್ನೂ ತಾಳಿಕೊಳ್ಳುವುದು. ಸೊಳ್ಳೆಯ ಮರಿಗಳೊಡನೆ ಇತರ ಮೀನುಗಳ ಮೊಟ್ಟೆಮರಿಗಳನ್ನೂ ತಿನ್ನುವುದು. ಆದುದರಿಂದ ಒಂದು ಮೀನು ಹೊಸ ನೀರಿಗೆ ಒಗ್ಗಿತೆಂಬುದೇ ಆ ನೀರಿಗೆ ಶುಭವೆಂದು ಹೇಳಲಾಗದು.

ಇಂದು ಹಂಡೆಯ ಸ್ಥಾನವನ್ನು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲವು ಆಕ್ರಮಿಸಿದೆ. ಬಿಗಿದ ಚೀಲದಲ್ಲಿ ಮೀನಿನ ಉಸಿರಿನ ಇಂಗಾಲಾಮ್ಲವು ಕೂಡಿ ನೀರನ್ನು ಹುಳಿಯಾಗಿಸುವುದರಿಂದ, ಅದರಲ್ಲಿ ಸೇರಿದ ಅಮೋನಿಯದ ವಿಷವು ಅಡಗಿರುವುದು. ಚೀಲವನ್ನು ಬಿಚ್ಚಿದೊಡನೆ ಆ ಅನಿಲವು ಹೊರಟುಹೋಗಿ ವಿಷವು ಪ್ರಬಲವಾಗುವುದು. ಆದಕಾರಣ ಚೀಲವನ್ನು ಬಿಚ್ಚದೆಯೇ ತೊಟ್ಟಿಯಲ್ಲಿ ತೇಲಿಬಿಟ್ಟು ಶಾಖವನ್ನು ಸಮಮಾಡಬೇಕು. ಬಿಚ್ಚಿದ ಮೇಲೆ ಮರಿಗಳನ್ನು ಹಳೆಯ ನೀರಿನಲ್ಲಿ ಬಹಳ ಹೊತ್ತು ಇಡಬಾರದು. ತೊಟ್ಟಿಯ ನೀರನ್ನು ಮೊದಲೇ ಮೂಲದ ನೀರಿನ ಗುಣಕ್ಕೆ ಹತ್ತಿರವಾಗುವಂತೆ ಅಣಿಗೊಳಿಸಿ, ನಲ್ಲಿಯ ನೀರಾದರೆ ಕ್ಲೋರೀನನ್ನು ಕಳೆದಿರಬೇಕು.

ಮೇಲಿನ ಸಂಗತಿಗಳಿಂದ ತಿಳಿದುಬರುವುದಿಷ್ಟು: ಎಳೆಮೀನಿನ ಸಾವಿಗೆ ಅದರ ಸೌಕುಮಾರ್ಯವೊಂದೇ ಕಾರಣವಲ್ಲ, ನೀರನ್ನರಿಯದ ನಮ್ಮ ಅವಸರವೂ ಕಾರಣವು. ಸತ್ತ ಮರಿಗಳಿಗೆ ಬದಲಾಗಿ ಕಣಕುಂಬಿಯ ತೊರೆಗಳಿಂದ ಮತ್ತೆ ಮರಿಗಳನ್ನು ಹಿಡಿದು ತರುವುದಾಗಲಿ, ಬೇಡವಾದ ಪರದೇಶದ ಮೀನನ್ನು ಆ ತೊರೆಗಳಿಗೆ ಬಿಡುವುದಾಗಲಿ ಈ ತಪ್ಪಿಗೆ ಪರಿಹಾರವಲ್ಲ.