ಠಾಣೆಯೆಂಬ ಪಾಠಶಾಲೆ: ನೀಲಗಿರಿಯ ಪೊಲೀಸ್ ಚರಿತ್ರೆಯ ಒಂದು ಎಳೆ

ಹಿರಿಯ ಪೊಲೀಸ್ ಅಧಿಕಾರಿಯೊಬ್ಬ ಕಿರಿಯನಿಗೆ ತನಿಖೆಯ ಕಸುಬನ್ನು ಹೇಳಿಕೊಡುವ, ಆ ಕಲಿಕೆಯ ದಾರಿಯಲ್ಲೇ ಅಧಿಕಾರಸ್ಥರ ಭ್ರಷ್ಟತೆ ಬಯಲಾಗುವ ಕಥಾನಕಕ್ಕೆ ಕನ್ನಡ ಚಿತ್ರರಂಗದಲ್ಲಿ ಈಚಿನ ಒಳ್ಳೆಯ ನಿದರ್ಶನ ಹೇಮಂತ್ ರಾವ್ ನಿರ್ದೇಶಿಸಿದ ‘ಕವಲುದಾರಿ’ (2019). ಸಂಚಾರ ವಿಭಾಗದ ತರುಣ ಸಬ್ ಇನ್‌ಸ್ಪೆಕ್ಟರ್ ಶ್ಯಾಮ್, ಮೆಟ್ರೊ ಕಾಮಗಾರಿಯ ವೇಳೆ ಸಿಕ್ಕ ಅಸ್ಥಿಗಳ ಜಾಡು ಹಿಡಿದು, ತುರ್ತು ಪರಿಸ್ಥಿತಿಯ ಕಾಲದ ಕೊಲೆ ಪ್ರಕರಣವನ್ನು ಭೇದಿಸಲಾಗದೆ ನಿವೃತ್ತನಾದ ಮುತ್ತಣ್ಣನ ಬಳಿಗೆ ಹೋಗುತ್ತಾನೆ. ಗುರು ಶಿಷ್ಯನಿಗೆ ದೊರೆಯುವುದು ಠಾಣೆಯಲ್ಲಲ್ಲ, ನಿವೃತ್ತಿಯ ನಂತರ ಠಾಣೆಯ ಹೊರಗೆ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಪೊಲೀಸನಾದವನು ತನ್ನ ಕಸುಬನ್ನು ಯಾರಿಂದ ಕಲಿಯುತ್ತಾನೆ ಎಂಬ ಪ್ರಶ್ನೆ ಈ ಚಿತ್ರಕ್ಕಿಂತ ಒಂದೂವರೆ ಶತಮಾನದಷ್ಟು ಹಳೆಯದು. ಕನ್ನಡ ಚಿತ್ರಗಳು ಹೆಚ್ಚಾಗಿ ಹಾಡುಗಳ ಹಿನ್ನೆಲೆಯಾಗಿ ಮಾತ್ರ ಬಳಸಿಕೊಂಡ ಉದಕಮಂಡಲ, ಗೂಡಲೂರು, ಮಸಿನಗುಡಿಗಳ ಸೀಮೆಯ ಚರಿತ್ರೆಯಲ್ಲಿ ಆ ಪ್ರಶ್ನೆಯನ್ನು ಮೊದಲಿನಿಂದ ಪರಿಶೀಲಿಸಲು ಸಾಧ್ಯವಿದೆ.

ಕೊಯಮತ್ತೂರಿನ ಕಲೆಕ್ಟರ್ ಜಾನ್ ಸುಲ್ಲಿವನ್ 1819ರಲ್ಲಿ ನೀಲಗಿರಿ ಬೆಟ್ಟವೇರಿದಾಗ, ಅಲ್ಲಿನ ಬಡಗ ಸಮುದಾಯದ ಹಟ್ಟಿಗಳಲ್ಲಿ, ಅಂದರೆ ಹಳ್ಳಿಗಳಲ್ಲಿ, ವ್ಯಾಜ್ಯಗಳನ್ನು ಗೌಡನೂ ಊರಿನ ಕೂಟವೂ ತೀರ್ಮಾನಿಸುತ್ತಿದ್ದವು. ಕೆಳಗಿನ ಬಯಲುಸೀಮೆಯಲ್ಲಿ ಮದರಾಸು ಸರ್ಕಾರವು 1816ರ ನಿಯಮಾವಳಿಯ ಮೂಲಕ ಪೊಲೀಸ್ ಅಧಿಕಾರವನ್ನು ಕಲೆಕ್ಟರನಿಗೂ ಅವನ ಕೈಕೆಳಗಿನ ತಹಸೀಲ್ದಾರನಿಗೂ ಒಪ್ಪಿಸಿತ್ತು. ಕಂದಾಯ ವಸೂಲಿ ಮಾಡುವವನೇ ಕಳ್ಳನನ್ನು ಹಿಡಿಯುವವನೂ ಆದ ಈ ಏರ್ಪಾಡಿನಲ್ಲಿ, ಬಾಕಿ ಕಕ್ಕಿಸಲು ಬಳಸಿದ ಉಪಾಯಗಳೇ ತಪ್ಪೊಪ್ಪಿಗೆ ಕಕ್ಕಿಸುವುದಕ್ಕೂ ಬಳಕೆಯಾದವು. ಇ. ಎಫ್. ಎಲಿಯಟ್, ಎಚ್. ಸ್ಟೋಕ್ಸ್ ಮತ್ತು ಜಾನ್ ಬ್ರೂಸ್ ನಾರ್ಟನ್ ಅವರನ್ನೊಳಗೊಂಡ ಚಿತ್ರಹಿಂಸಾ ಆಯೋಗವು 1855ರಲ್ಲಿ ಸಲ್ಲಿಸಿದ ವರದಿಯಲ್ಲಿ, ಬೆರಳುಗಳನ್ನು ಮರದ ಇಕ್ಕಳಕ್ಕೆ ಸಿಕ್ಕಿಸಿ ಅಮುಕುವ ‘ಕಿಟ್ಟಿ’ ಮತ್ತು ಮನುಷ್ಯನನ್ನು ಬಗ್ಗಿಸಿ ಕಟ್ಟಿಹಾಕುವ ಶಿಕ್ಷೆಗಳು ಮದರಾಸು ಪ್ರಾಂತದಲ್ಲಿ ಹರಡಿದ್ದುದನ್ನು ದಾಖಲಿಸಿತು. ಈ ವಿಧಾನಗಳನ್ನು ಯಾವ ಕಾನೂನೂ ವಿಧಿಸಿರಲಿಲ್ಲ, ಯಾವ ಶಾಲೆಯೂ ಕಲಿಸಿರಲಿಲ್ಲ. ಅವು ಹಿರಿಯ ಸೇವಕನಿಂದ ಕಿರಿಯ ಸೇವಕನಿಗೆ ಕಸುಬಿನ ಭಾಗವಾಗಿ ಸಾಗಿಬಂದಿದ್ದವು.

ವರದಿಯ ಪರಿಣಾಮವಾಗಿ ಕಂದಾಯದಿಂದ ಪೊಲೀಸನ್ನು ಬೇರ್ಪಡಿಸುವ 1859ರ ಮದರಾಸು ಪೊಲೀಸ್ ಕಾಯಿದೆ ಬಂತು. ವಿಲಿಯಂ ರಾಬಿನ್‌ಸನ್ ಇನ್‌ಸ್ಪೆಕ್ಟರ್ ಜನರಲ್ ಆಗಿ ಸಮವಸ್ತ್ರ, ಶ್ರೇಣಿ, ಕವಾಯತುಗಳುಳ್ಳ ಪಡೆಯನ್ನು ಕಟ್ಟಿದರು. 1872ರ ಸಾಕ್ಷ್ಯ ಅಧಿನಿಯಮದ 25ನೆಯ ಪ್ರಕರಣವು ಪೊಲೀಸ್ ಅಧಿಕಾರಿಯ ಎದುರು ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸಕೂಡದೆಂದು ವಿಧಿಸಿತು. ಹೊಸ ಪಡೆಯ ಮೇಲೆ ಅದನ್ನು ಸೃಷ್ಟಿಸಿದ ಸರ್ಕಾರಕ್ಕೇ ಎಷ್ಟರಮಟ್ಟಿಗೆ ನಂಬಿಕೆಯಿತ್ತು ಎಂಬುದನ್ನು ಈ ಒಂದು ಪ್ರಕರಣವೇ ಹೇಳುತ್ತದೆ.

ನೀಲಗಿರಿಯು 1868ರಲ್ಲಿ ಕೊಯಮತ್ತೂರಿನಿಂದ ಬೇರೆಯಾಗಿ ಕಮಿಷನರ್ ಆಡಳಿತಕ್ಕೆ ಬಂತು, 1877ರಲ್ಲಿ ಗೂಡಲೂರು ಸೇರಿದಂತೆ ಆಗ್ನೇಯ ವಯನಾಡು ಮಲಬಾರಿನಿಂದ ಅದಕ್ಕೆ ಸೇರಿತು, 1882ರಲ್ಲಿ ಕಲೆಕ್ಟರ್ ನೇಮಕವಾಯಿತು. ಉದಕಮಂಡಲವು ಮದರಾಸು ಸರ್ಕಾರದ ಬೇಸಗೆಯ ರಾಜಧಾನಿಯಾಗಿ, ಸುತ್ತಲ ಇಳಿಜಾರುಗಳು ಕಾಫಿ, ಚಹಾ, ಸಿಂಕೋನಾ ತೋಟಗಳಾಗಿ ಮಾರ್ಪಟ್ಟ ಈ ಕಾಲದಲ್ಲಿ ಕಾನೂನೂ ತೋಟದ ಮಾಲೀಕನ ಅಗತ್ಯಕ್ಕೆ ತಕ್ಕಂತೆ ರೂಪುಗೊಂಡಿತು. 1878ರಲ್ಲಿ ಕಾಫಿ ಕಳವು ತಡೆಗೆಂದೇ ಮದರಾಸು ಸರ್ಕಾರ ಪ್ರತ್ಯೇಕ ಕಾಯಿದೆ ಮಾಡಿತು. 1903ರ ತೋಟ ಕಾರ್ಮಿಕರ ಕಾಯಿದೆಯು ಮುಂಗಡ ಪಡೆದು ಕೆಲಸ ಬಿಟ್ಟುಹೋಗುವ ಕೂಲಿಯಾಳನ್ನು ಅಪರಾಧಿಯನ್ನಾಗಿಸಿತು. ಇಂತಹ ಕಾನೂನುಗಳಡಿ ಕೆಲಸ ಕಲಿತ ಪೇದೆಗೆ ರಕ್ಷಿಸಬೇಕಾದವನು ಯಾರು, ಶಂಕಿಸಬೇಕಾದವನು ಯಾರು ಎಂಬ ತಿಳಿವಳಿಕೆ ಮೊದಲ ದಿನದಿಂದಲೇ ಬರುತ್ತಿತ್ತೆಂದು ಊಹಿಸಬಹುದು.

ಜನರ ವಿಶ್ವಾಸ ಗಳಿಸದ ಪಡೆಗೆ ತನಿಖೆಯೂ ಸಾಧ್ಯವಿಲ್ಲವೆಂಬುದಕ್ಕೆ ನೀಲಗಿರಿಯ ದಾಖಲೆಗಳಲ್ಲೇ ಉದಾಹರಣೆಯಿದೆ. ಮಾಟ ಮಾಡುತ್ತಾರೆಂಬ ಶಂಕೆಯಿಂದ ಕುರುಂಬ ಬುಡಕಟ್ಟಿನವರನ್ನು ಕೊಲ್ಲುವ ಕೃತ್ಯಗಳು 19ನೆಯ ಶತಮಾನದಲ್ಲಿ ಮತ್ತೆ ಮತ್ತೆ ನಡೆದವು. 1900ರಲ್ಲಿ, ಊರೊಂದಕ್ಕೆ ರೋಗ ಮತ್ತು ಸಾವು ತಂದನೆಂಬ ಆಪಾದನೆಗೆ ಗುರಿಯಾದ ಕುರುಂಬ ಮದ್ದುಗಾರನೊಬ್ಬನ ಇಡೀ ಕುಟುಂಬವೇ ಹತವಾಯಿತು. ಸುತ್ತಲ ಸೀಮೆಯ ಸಹಾನುಭೂತಿ ಕೊಂದವರ ಕಡೆಗಿದ್ದುದರಿಂದ ಪತ್ತೆ ಕಾರ್ಯ ಬಹಳ ಕಠಿಣವಾಯಿತೆಂದೂ ಆರೋಪಿಗಳು ಬಿಡುಗಡೆಯಾದರೆಂದೂ ಅಂದಿನ ಪೊಲೀಸ್ ಆಡಳಿತ ವರದಿ ಒಪ್ಪಿಕೊಂಡಿದೆ. ಕವಾಯತಿನಲ್ಲಿ ಪಳಗಿದ ಪಡೆಗೆ ಊರಿನವರಿಂದ ಸಾಕ್ಷ್ಯ ಹೇಳಿಸುವ ಕಲೆ ಒಲಿದಿರಲಿಲ್ಲ.

ಇದಾದ ಎರಡು ವರ್ಷಕ್ಕೆ ಲಾರ್ಡ್ ಕರ್ಜನ್ ನೇಮಿಸಿದ ಆಂಡ್ರ್ಯೂ ಫ್ರೇಸರ್ ಆಯೋಗವು, ಭಾರತದ ಪೊಲೀಸ್ ಪಡೆ ದಕ್ಷವಲ್ಲ, ಅದರ ತರಬೇತಿ ಮತ್ತು ಮೇಲ್ವಿಚಾರಣೆ ದೋಷಪೂರ್ಣ, ಜನರ ದೃಷ್ಟಿಯಲ್ಲಿ ಅದು ಭ್ರಷ್ಟವೂ ದಬ್ಬಾಳಿಕೆಯದೂ ಆಗಿದೆ ಎಂಬ ನಿರ್ಣಯಕ್ಕೆ ಬಂತು. ಪೇದೆಗೆ ತಿಂಗಳಿಗೆ ಕನಿಷ್ಠ 8 ರೂಪಾಯಿ ಸಂಬಳ, ಪ್ರಾಂತಗಳಲ್ಲಿ ತರಬೇತಿ ಶಾಲೆಗಳು, ಸಬ್ ಇನ್‌ಸ್ಪೆಕ್ಟರುಗಳ ನೇರ ನೇಮಕ ಇವು ಅದರ ಮುಖ್ಯ ಶಿಫಾರಸುಗಳು. ಠಾಣೆಯ ಹಳೆಯ ಪಾಠ ತಲೆಗೇರುವ ಮುನ್ನವೇ ತರುಣರನ್ನು ಬೇರೆಡೆ ತರಬೇತುಗೊಳಿಸಬೇಕೆಂಬುದು ಇದರ ಹಿಂದಿನ ತರ್ಕ. ಆದರೆ ವೆಲ್ಲೂರಿನಂತಹ ತರಬೇತಿ ಶಾಲೆಯಲ್ಲಿ ಕೆಲವು ತಿಂಗಳು ಕಾನೂನು ಓದಿದ ತರುಣ ಕೊನೆಗೆ ಹೋಗಿ ಸೇರುತ್ತಿದ್ದುದು ಅದೇ ಠಾಣೆಯನ್ನೇ.

ಸ್ವಾತಂತ್ರ್ಯಾನಂತರವೂ ಈ ಇಬ್ಬಗೆ ಉಳಿಯಿತೆಂಬುದಕ್ಕೆ ಮೋಯಾರ್ ಕಣಿವೆಯಿಂದ ಪೂರ್ವಕ್ಕೆ ಹಬ್ಬಿದ ಸತ್ಯಮಂಗಲ ಮತ್ತು ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ಕಾಡುಗಳ್ಳ ವೀರಪ್ಪನ್ ವಿರುದ್ಧ ನಡೆದ ಪೊಲೀಸ್ ಕಾರ್ಯಾಚರಣೆ ಸಾಕ್ಷಿ. 1992ರ ಆಗಸ್ಟ್ 14ರಂದು ಎಸ್‌ಪಿ ಟಿ. ಹರಿಕೃಷ್ಣ ಮತ್ತು ತರುಣ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಮೀಣ್ಯಂ ಬಳಿ ಒಟ್ಟಿಗೇ ಪ್ರಾಣ ತೆತ್ತರು. ಹಿರಿಯನು ಮುಂದೆ ನಿಂತು ಕಿರಿಯನನ್ನು ನಡೆಸುವ ಪರಂಪರೆಯ ಒಂದು ಮುಖ ಅದು. ಅದೇ ಕಾಡಂಚಿನ ಕನ್ನಡ ಮತ್ತು ತಮಿಳು ಹಳ್ಳಿಗಳ ಜನರು ವಿಶೇಷ ಕಾರ್ಯಪಡೆಯ ವಿರುದ್ಧ ಚಿತ್ರಹಿಂಸೆಯ ದೂರು ನೀಡಿದರು. ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಗೆ ಮಾನ್ಯತೆ ನೀಡಿ 1872ರ ನಿರ್ಬಂಧವನ್ನು ಸಡಿಲಿಸಿದ್ದ ಟಾಡಾ ಕಾಯಿದೆಯಡಿ ಹಲವರ ಮೇಲೆ ಮೊಕದ್ದಮೆ ಹೂಡಲಾಗಿತ್ತು. ನ್ಯಾಯಮೂರ್ತಿ ಎ. ಜೆ. ಸದಾಶಿವ ನೇತೃತ್ವದ ಸಮಿತಿಯ ವಿಚಾರಣೆಯ ನಂತರ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2007ರಲ್ಲಿ 89 ಮಂದಿಗೆ ಪರಿಹಾರ ನೀಡಬೇಕೆಂದು ಸೂಚಿಸಿತು. 1855ರ ವರದಿಗೂ ಈ ಸೂಚನೆಗೂ ನಡುವಿನ ಅಂತರ 152 ವರ್ಷ.

ಸರ್ವೋಚ್ಚ ನ್ಯಾಯಾಲಯವು 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷಗಳ ಅವಧಿ, ತನಿಖಾ ವಿಭಾಗದ ಪ್ರತ್ಯೇಕತೆ, ದೂರು ಪ್ರಾಧಿಕಾರ ಇವುಗಳನ್ನು ವಿಧಿಸಿದೆ. ಇವುಗಳಲ್ಲಿ ಮೊದಲನೆಯದು ಆಡಳಿತದ ಸಣ್ಣ ವಿವರದಂತೆ ತೋರಿದರೂ, ಕಲಿಕೆಯ ದೃಷ್ಟಿಯಿಂದ ಅದೇ ಮುಖ್ಯ. ಏಕೆಂದರೆ ಪ್ರಾಮಾಣಿಕನಾದ ಹಿರಿಯನು ಕಿರಿಯನನ್ನು ತಿದ್ದಬೇಕಾದರೆ ಅವನು ಒಂದೆಡೆ ನಿಲ್ಲಬೇಕು, ಆರು ತಿಂಗಳಿಗೊಮ್ಮೆ ಎತ್ತಂಗಡಿಯಾಗುವವನಿಂದ ಯಾವ ಶಿಷ್ಯನೂ ಏನನ್ನೂ ಕಲಿಯಲಾರ. ಕಾಯಿದೆಗಳು ಪೊಲೀಸನ ಅಧಿಕಾರವನ್ನು ಹಲವು ಬಾರಿ ತಿದ್ದಿವೆ, ಆದರೆ ಅವನ ಗುರು ಯಾರಾಗಬೇಕೆಂಬುದನ್ನು ಬಹುಮಟ್ಟಿಗೆ ಠಾಣೆಯ ರೂಢಿಗೇ ಬಿಟ್ಟಿವೆ. ಆ ರೂಢಿ ಬದಲಾಗುವವರೆಗೆ ಸುಧಾರಣೆ ವರದಿಗಳಲ್ಲೇ ಉಳಿಯುತ್ತದೆ.