ಟವರ್ ತಾಣಕ್ಕೆ ಕಡಿಮೆ ಬೆಲೆಯ ರೂಟರ್: ಶಿವಮೊಗ್ಗ–ಭದ್ರಾವತಿ ಪರಿಸರದಲ್ಲಿ ಆಯ್ಕೆಯ ಮಾನದಂಡಗಳು

ನಿಸ್ತಂತು ಅಂತರ್ಜಾಲ ಸೇವೆ ನೀಡುವ ಸಣ್ಣ ಸಂಸ್ಥೆಗಳು ಟವರ್‌ಗೆ ರೂಟರ್ ಕೊಳ್ಳುವಾಗ ಸಾಮಾನ್ಯವಾಗಿ ನೋಡುವುದು ಎರಡನ್ನು: ಬೆಲೆ, ಮತ್ತು ಪೆಟ್ಟಿಗೆಯ ಮೇಲೆ ಅಚ್ಚಾದ ಗಿಗಾಬಿಟ್ ವೇಗ. ಶಿವಮೊಗ್ಗ–ಭದ್ರಾವತಿ ಭಾಗದ ಮಟ್ಟಿಗೆ ಇವೆರಡನ್ನೂ ಕೊನೆಯಲ್ಲಿ ನೋಡಬೇಕು ಎಂಬುದು ಈ ಲೇಖನದ ವಾದ. ರೂಟರ್ ಎಷ್ಟು ವೋಲ್ಟಿನಿಂದ ಎಷ್ಟು ವೋಲ್ಟಿನವರೆಗೆ ನಡೆಯುತ್ತದೆ, ಟವರ್ ತಾಣದಲ್ಲಿ ಅದಕ್ಕೆ ಯಾವ ಕೆಲಸ ವಹಿಸುತ್ತೇವೆ ಎಂಬುದು ಮೊದಲು ಇತ್ಯರ್ಥವಾದರೆ ಅಗ್ಗದ ಸಾಧನವೇ ಸಾಕಾಗುತ್ತದೆ.

ಮೊದಲಿಗೆ ಭೂಗೋಳ. ತುಂಗೆಯ ದಡದ ಶಿವಮೊಗ್ಗಕ್ಕೂ ಭದ್ರೆಯ ದಡದ ಭದ್ರಾವತಿಗೂ ನೇರ ಅಂತರ ಸುಮಾರು 17 ಕಿ.ಮೀ. 2018ರ ಅಕ್ಟೋಬರ್ ಅಧಿಸೂಚನೆಯ ನಂತರ 5 ಗಿಗಾಹರ್ಟ್ಸ್ ಪಟ್ಟಿಯ 605 ಮೆಗಾಹರ್ಟ್ಸ್‌ನಷ್ಟು ತರಂಗಾಂತರ ಹೊರಾಂಗಣಕ್ಕೂ ಪರವಾನಗಿಮುಕ್ತವಾಗಿದೆ. ಮಲೆನಾಡಿನ ಮಳೆ ಈ ತರಂಗವನ್ನು ಹೆಚ್ಚು ಕುಂದಿಸುವುದಿಲ್ಲ, ತಡೆಯುವುದು ಮರಗಳು. 5.8 ಗಿಗಾಹರ್ಟ್ಸ್‌ನಲ್ಲಿ ಇಷ್ಟು ದೂರದ ಕೊಂಡಿಗೆ ನಡುದಾರಿಯಲ್ಲಿ ಕಿರಣದ ಸುತ್ತಲಿನ ಫ್ರೆನೆಲ್ ವಲಯದ ತ್ರಿಜ್ಯ ಹೆಚ್ಚುಕಡಿಮೆ 15 ಮೀಟರ್. ಅದರ ಶೇ. 60ರಷ್ಟು, ಅಂದರೆ 9 ಮೀಟರ್ ತೆರವಾಗಿರಬೇಕು. ಭೂಮಿಯ ಉಬ್ಬಿಗಾಗಿ ಇನ್ನೂ 4 ಮೀಟರ್ ಸೇರಿಸಬೇಕು. ನೆಲ ಸಮತಟ್ಟೆಂದೇ ಇಟ್ಟುಕೊಂಡರೂ 15 ಮೀಟರಿನ ಅಡಿಕೆ ತೋಟದ ಮೇಲೆ ಕಿರಣ 28 ಮೀಟರ್ ಎತ್ತರದಲ್ಲಿ ಹಾಯಬೇಕಾಗುತ್ತದೆ. ಆದರೆ ಈ ಎರಡು ಊರುಗಳ ನಡುವಣ ಸೋಗಾನೆಯಲ್ಲಿ 2023ರ ಫೆಬ್ರುವರಿಯಿಂದ ವಿಮಾನ ನಿಲ್ದಾಣವಿದೆ. ಅದರ ಸುತ್ತ ಟವರ್ ಎತ್ತರಕ್ಕೆ ವಿಮಾನಯಾನ ನಿಯಮಗಳ ಅನುಮತಿ ಬೇಕು. ಹಾಗಾಗಿ ಎತ್ತರದ ಒಂದೇ ಟವರ್‌ಗಿಂತ ಹಲವು ತಗ್ಗಿನ ತಾಣಗಳೇ ಇಲ್ಲಿ ವ್ಯಾವಹಾರಿಕ. ತಾಣ ಹೆಚ್ಚಿದಷ್ಟೂ ರೂಟರ್‌ಗಳೂ ಹೆಚ್ಚುತ್ತವೆ. ಬೆಲೆಯ ಪ್ರಶ್ನೆ ತೀವ್ರವಾಗುವುದು ಈ ಕಾರಣಕ್ಕೆ.

ಇನ್ನು ವಿದ್ಯುತ್ತು. ಇಲ್ಲಿಗೆ ಕರೆಂಟು ಬರುವುದು ಮೆಸ್ಕಾಂನಿಂದ. ಗಾಳಿಮಳೆಗೆ ಮರ ಉರುಳಿ ತಂತಿ ಹರಿಯುವುದು ಮಲೆನಾಡಿಗೆ ಹೊಸದಲ್ಲ. ರೂಟರ್, ಎರಡು ರೇಡಿಯೊ, ಒಂದು ಸಣ್ಣ ಸ್ವಿಚ್ ಸೇರಿ 30 ವ್ಯಾಟ್ ಎಳೆಯುತ್ತವೆ ಎಂದುಕೊಂಡರೆ 10 ಗಂಟೆಗೆ 300 ವ್ಯಾಟ್-ಗಂಟೆ ಬೇಕು. ಸೀಸ-ಆಮ್ಲ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದು; ಆದ್ದರಿಂದ 24 ವೋಲ್ಟಿನಲ್ಲಿ ಕನಿಷ್ಠ 25 ಆಂಪೇರ್-ಗಂಟೆಯ ಬ್ಯಾಟರಿ ಅಗತ್ಯ. ನಡುವೆ ಇನ್ವರ್ಟರ್ ಇಟ್ಟರೆ ಅದೇ ಒಂದಿಷ್ಟು ಶಕ್ತಿ ನುಂಗುತ್ತದೆ. ಬ್ಯಾಟರಿಯಿಂದ ನೇರವಾಗಿ ನಡೆಯುವ ಸಾಧನವೇ ಉತ್ತಮ.

ತಾಂತ್ರಿಕ ವಿವರಪಟ್ಟಿಯನ್ನು ಅತಿ ಎಚ್ಚರದಿಂದ ಓದಬೇಕಾದ್ದು ಇಲ್ಲಿಯೇ. 24 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ ಚಾರ್ಜ್ ಆಗುವಾಗ 28.8 ವೋಲ್ಟಿನವರೆಗೆ ಏರುತ್ತದೆ, ಬರಿದಾಗುವಾಗ 22ರ ಹತ್ತಿರಕ್ಕೆ ಇಳಿಯುತ್ತದೆ. ಲಾಟ್ವಿಯದ ಮೈಕ್ರೋಟಿಕ್ ಸಂಸ್ಥೆಯ ಐದು ಪೋರ್ಟಿನ ಹೆಕ್ಸ್, ಅಂದರೆ ಆರ್‌ಬಿ750ಜಿಆರ್3 ಮಾದರಿ, 8ರಿಂದ 30 ವೋಲ್ಟಿನಲ್ಲಿ ನಡೆಯುವುದರಿಂದ ಈ ಏರಿಳಿತವಷ್ಟೂ ಅದರ ಮಿತಿಯೊಳಗಿದೆ. ಅದೇ ಸಂಸ್ಥೆಯ ಎಷ್ಟೋ ಹೆಚ್ಚು ಬಲಿಷ್ಠವಾದ ಆರ್‌ಬಿ5009 ಮಾದರಿಗೆ 24ರಿಂದ 57 ವೋಲ್ಟ್ ಬೇಕು. ಅದನ್ನು 24 ವೋಲ್ಟಿನ ಬ್ಯಾಟರಿಗೆ ಜೋಡಿಸಿದರೆ, ಬ್ಯಾಟರಿಯಲ್ಲಿ ಶಕ್ತಿ ಉಳಿದಿರುವಾಗಲೇ ವೋಲ್ಟೇಜು ರೂಟರಿನ ಕೆಳಮಿತಿಯಿಂದ ಜಾರುತ್ತದೆ. 48 ವೋಲ್ಟಿನ ಬ್ಯಾಟರಿಗೆ ಹೋದರೆ ಬೂಸ್ಟ್ ಚಾರ್ಜಿನ 57.6 ವೋಲ್ಟ್ ಅದರ ಮೇಲ್ಮಿತಿಯನ್ನು ದಾಟುತ್ತದೆ. ಚಾರ್ಜರನ್ನು ತಗ್ಗಿಸಬೇಕು, ಇಲ್ಲವೇ ಪರಿವರ್ತಕ ಹಾಕಬೇಕು. ದುಬಾರಿಯಾದ ರೂಟರ್ ಹೀಗೆ ಇಲ್ಲಿ ಇನ್ನಷ್ಟು ದುಬಾರಿಯಾಗುತ್ತದೆ.

ವಿದ್ಯುತ್ತಿಗೆ ಇಷ್ಟು ಮಹತ್ವ ಕೊಡುವುದಕ್ಕೆ ಭಾರತದ್ದೇ ಆಧಾರವಿದೆ. ತಮಿಳುನಾಡಿನ ತೇಣಿಯಲ್ಲಿ ಅರವಿಂದ್ ಕಣ್ಣಾಸ್ಪತ್ರೆಯ ಗ್ರಾಮೀಣ ಕೇಂದ್ರಗಳಿಗಾಗಿ, ಹಾಗೂ ಧರ್ಮಶಾಲೆಯ ಏರ್‌ಜಲ್ದಿ ಜಾಲದಲ್ಲಿ, ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ದೂರಗಾಮಿ ವೈಫೈ ಕೊಂಡಿಗಳ ಅನುಭವವನ್ನು ದಾಖಲಿಸಿ 2008ರಲ್ಲಿ ಪ್ರಕಟಿಸಿದರು. ಗುಣಮಟ್ಟವಿಲ್ಲದ ವಿದ್ಯುತ್ತೇ ಅನೇಕ ವೈಫಲ್ಯಗಳ ಮೂಲ ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿಗಳಲ್ಲೊಂದು.

ಎರಡನೆಯ ಪ್ರಶ್ನೆ ಕೆಲಸದ ಹಂಚಿಕೆ. ಒಂದು ಗಿಗಾಬಿಟ್ ಕೊಂಡಿಯಲ್ಲಿ 1518 ಬೈಟಿನ ದತ್ತಾಂಶ ಚೌಕಟ್ಟುಗಳಾದರೆ ಸೆಕೆಂಡಿಗೆ ಸುಮಾರು 81 ಸಾವಿರ ಹಾಯುತ್ತವೆ. 64 ಬೈಟಿನವಾದರೆ 14.88 ಲಕ್ಷ. ಪೆಟ್ಟಿಗೆಯ ಮೇಲಿನ ವೇಗ ಸಾಮಾನ್ಯವಾಗಿ ದೊಡ್ಡ ಚೌಕಟ್ಟಿನ ಲೆಕ್ಕ. ಅದರ ಮೇಲೆ ಗ್ರಾಹಕರೊಬ್ಬೊಬ್ಬರಿಗೂ ವೇಗಮಿತಿಯ ಸರದಿ, ವಿಳಾಸ ಪರಿವರ್ತನೆ, ಪಿಪಿಪಿಒಇ ಲಾಗಿನ್ ಎಲ್ಲವನ್ನೂ ಟವರ್ ರೂಟರಿನ ತಲೆಗೆ ಕಟ್ಟಿದರೆ ಸಣ್ಣ ಪ್ರೊಸೆಸರ್ ಸಂಜೆಯ ದಟ್ಟಣೆಗೆ ಸೋಲುತ್ತದೆ. ಇವನ್ನು ನಗರದ ಮುಖ್ಯ ಕೇಂದ್ರದಲ್ಲಿ, ವಿಶ್ವಾಸಾರ್ಹ ವಿದ್ಯುತ್ತಿರುವಲ್ಲಿ ಒಂದು ಬಲಿಷ್ಠ ಯಂತ್ರಕ್ಕೆ ಬಿಟ್ಟು, ಟವರಿನಲ್ಲಿ ದಾರಿ ತೋರುವ ಕೆಲಸವನ್ನಷ್ಟೇ ಉಳಿಸುವುದು ಸರಿ. ಓಎಸ್‌ಪಿಎಫ್ ಎಂಬ ಮಾರ್ಗನಿರ್ಣಯ ವಿಧಾನ ಬಳಸಿದರೆ ಒಂದು ಕೊಂಡಿ ಕಡಿದಾಗ ದತ್ತಾಂಶ ಇನ್ನೊಂದು ಹಾದಿ ತಾನಾಗಿ ಹಿಡಿಯುತ್ತದೆ. ಸೇವಾದಾರರು ಬಳಕೆಯ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಕಾಯ್ದಿಡಬೇಕೆಂಬ ಪರವಾನಗಿ ಷರತ್ತನ್ನು ಪಾಲಿಸಲೂ ಕೇಂದ್ರೀಕೃತ ವ್ಯವಸ್ಥೆಯೇ ಅನುಕೂಲ.

ಸಿಡಿಲಿನ ಮಾತು ಬೇರೆ. ಏಪ್ರಿಲ್–ಮೇ ತಿಂಗಳ ಗುಡುಗುಮಳೆಯ ಹೊತ್ತಿಗೆ ನೆಲ ಒಣಗಿ ಅರ್ಥಿಂಗಿನ ರೋಧ ಏರಿರುತ್ತದೆ. ಯಾವ ಬೆಲೆಯ ರೂಟರೂ ಸಿಡಿಲಿನ ಆಘಾತವನ್ನು ತಾನೇ ತಡೆದುಕೊಳ್ಳುವುದಿಲ್ಲ. ಕವಚವಿರುವ ಕೇಬಲ್, ಎರಡೂ ತುದಿಗೆ ಅರೆಸ್ಟರ್, ಬೇಸಿಗೆಯಲ್ಲಿ ಅಳತೆ ಮಾಡಿದ ಅರ್ಥಿಂಗ್ ಇರಬೇಕು. ಜೊತೆಗೆ ಅದೇ ಮಾದರಿಯ ಇನ್ನೊಂದು ರೂಟರ್ ಸಂರಚನೆ ತುಂಬಿ ಸಿದ್ಧವಾಗಿರಬೇಕು. ಅಗ್ಗದ ಮಾದರಿಯ ನಿಜವಾದ ಲಾಭ ಈ ಬದಲಿ ಪ್ರತಿಯನ್ನು ಇಟ್ಟುಕೊಳ್ಳಲಾಗುವುದರಲ್ಲಿದೆ.

ಎರಡು ಎಚ್ಚರಿಕೆಗಳು ಅನಿವಾರ್ಯ. 2021ರ ಜೂನ್ 15ರಿಂದ ಪರವಾನಗಿದಾರರು ತಮ್ಮ ಜಾಲಕ್ಕೆ ಹೊಸದಾಗಿ ಸೇರಿಸುವ ಉಪಕರಣಗಳು ವಿಶ್ವಾಸಾರ್ಹ ಮೂಲದವೆಂದು ಮಾನ್ಯವಾಗಿರಬೇಕು. ಕೊಳ್ಳುವ ಮುನ್ನವೇ ಇದನ್ನು ಪರಿಶೀಲಿಸಬೇಕು. ಇನ್ನೊಂದು, ತಂತ್ರಾಂಶದ ನವೀಕರಣ. ಮೈಕ್ರೋಟಿಕ್‌ನ ವಿನ್‌ಬಾಕ್ಸ್ ನಿರ್ವಹಣಾ ತಂತ್ರಾಂಶದ ದೋಷಕ್ಕೆ 2018ರ ಏಪ್ರಿಲ್‌ನಲ್ಲೇ ಪರಿಹಾರ ಬಂದಿತ್ತು. ಅದನ್ನು ಅಳವಡಿಸದ ಸಾವಿರಾರು ರೂಟರ್‌ಗಳು ಅದೇ ವರ್ಷ ಬ್ರೆಜಿಲ್ ಮೊದಲಾದೆಡೆ ದುಷ್ಕರ್ಮಿಗಳ ಕೈಸೇರಿದವು. ಆದ್ದರಿಂದ ನಿರ್ವಹಣೆಯ ಪೋರ್ಟನ್ನು ಹೊರಜಾಲಕ್ಕೆ ತೆರೆದಿಡಲೇಬಾರದು.

ಈ ಭಾಗದ ಸೇವಾದಾರರಲ್ಲಿ ಒಂದು ಮನವಿ: ರೂಟರ್ ಕೆಟ್ಟ ದಿನ, ಆಗಿನ ಬ್ಯಾಟರಿ ವೋಲ್ಟೇಜು, ಅರ್ಥಿಂಗಿನ ರೋಧ, ಹವಾಮಾನ ಇಷ್ಟನ್ನು ಪ್ರತಿ ಟವರಿನಲ್ಲೂ ಬರೆದಿಡಿ, ಅದನ್ನು ಶಿವಮೊಗ್ಗದ ಎಂಜಿನಿಯರಿಂಗ್ ಕಾಲೇಜುಗಳ ಎಲೆಕ್ಟ್ರಾನಿಕ್ಸ್ ವಿಭಾಗಗಳಿಗೆ ಅಧ್ಯಯನಕ್ಕೆ ಒದಗಿಸಿ.